ಬೂದಿದೊರೆಯ ಮುಖ

ಸಿನಿಮಾದ ಮೊದಲ ಪೋಸ್ಟರು ಹೊರಬಿದ್ದ ದಿನ ಕನ್ನಡಕದಂಗಡಿಯವನು ಮಧ್ಯಾಹ್ನದ ಊಟವನ್ನೇ ಮರೆತ. ಮಸೂರ ಉಜ್ಜುವ ಯಂತ್ರದ ಪಕ್ಕದಲ್ಲಿ ಊಟದ ಡಬ್ಬಿ ತಣ್ಣಗಾಗುತ್ತಿತ್ತು. ಅವನು ಗಿರಾಕಿಗಳ ಕುರ್ಚಿಯಲ್ಲಿ ಕೂತು, ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಬೂದಿದೊರೆಯ ಮುಖವನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದ.

ಬೂದಿದೊರೆ ಅವನು ಚಿಕ್ಕಂದಿನಿಂದ ಓದಿಕೊಂಡು ಬಂದಿದ್ದ ಕಾಮಿಕ್ಸಿನ ಖಳ. ಅರ್ಧ ಮುಖ ಸುಟ್ಟು, ಕಿವಿ ಕರಗಿ, ಆ ಪಕ್ಕದ ತುಟಿ ಮೇಲಕ್ಕೆ ಎಳೆದುಕೊಂಡು ಹಲ್ಲು ಕಾಣುವ ಮನುಷ್ಯ. ಅವನ ಮುಖ ಇರುವ ಪುಟವನ್ನು ಹುಡುಗನಾಗಿದ್ದಾಗ ಇವನು ದಿಂಬಿನಡಿ ಇಟ್ಟುಕೊಂಡು ಮಲಗುತ್ತಿದ್ದ. ಹೆದರಿಕೆಯೂ ಬೇಕು, ಹೆದರಿಕೆ ಕೈಗೆ ಸಿಗುವಷ್ಟು ಹತ್ತಿರವೂ ಇರಬೇಕು ಎಂಬ ವಯಸ್ಸು. ಈಗ ಸಿನಿಮಾದವರು ಆ ಮುಖವನ್ನೇ ಒರೆಸಿಹಾಕಿದ್ದರು. ಪೋಸ್ಟರಿನ ಬೂದಿದೊರೆ ನುಣ್ಣನೆ ಕೆನ್ನೆಯ, ಬೂದು ಸೂಟಿನ, ಸಾಲದ ಅರ್ಜಿ ತಳ್ಳಿಹಾಕಲು ಕೂತ ಬ್ಯಾಂಕ್ ಮ್ಯಾನೇಜರನ ಹಾಗಿದ್ದ.

ಅಭಿಮಾನಿಗಳ ಗುಂಪಿನಲ್ಲಿ ಬೆಂಕಿ ಬಿತ್ತು. ಫೋನಿನಲ್ಲೇ ಹುಟ್ಟಿ ಫೋನಿನಲ್ಲೇ ಬೆಳೆದ ಆ ಗುಂಪಿನಲ್ಲಿ ಯಾರಿಗೂ ಸ್ವಂತ ಹೆಸರಿರಲಿಲ್ಲ; ಎಲ್ಲರಿಗೂ ಅಡ್ಡಹೆಸರು. ಕನ್ನಡಕದವನನ್ನು 'ಪ್ರೊಫೆಸರ್' ಎನ್ನುತ್ತಿದ್ದರು. ಯಾವ ಸಂಚಿಕೆಯಲ್ಲಿ ಯಾರು ಯಾರಿಗೆ ಏನಂದರು ಎಂಬುದೆಲ್ಲ ಅವನ ನಾಲಿಗೆ ತುದಿಯಲ್ಲಿತ್ತು. ಅಂಗಡಿಯಲ್ಲಿ "ಸ್ವಲ್ಪ ಬಿಗಿ ಮಾಡ್ರೀ" ಎಂದು ಹೇಳಿಸಿಕೊಳ್ಳುವವನು ಅಲ್ಲಿ ತೀರ್ಪು ಕೊಡುವವನಾಗಿದ್ದ. ಅವತ್ತೂ ಎಲ್ಲರೂ ಅವನ ಮಾತಿಗೇ ಕಾದರು. ಅವನೂ ಕಾಯಿಸಲಿಲ್ಲ. 'ಬೂದಿದೊರೆಯ ಮುಖ ನೋಡಿದ ಕೂಡಲೇ ಹೊಟ್ಟೆ ತೊಳಸಬೇಕು. ಒಳಗಿರುವ ಕೊಳಕು ಹೊರಗೆ ಕಾಣಬೇಕು. ಮುಖ ಕಿತ್ತುಕೊಂಡರೆ ಉಳಿಯುವುದು ಬರೀ ಸೂಟು' ಎಂದು ಬರೆದ. ಚಪ್ಪಾಳೆಯ ಚಿತ್ರಗಳ ಮಳೆಯೇ ಸುರಿಯಿತು.

ಒಬ್ಬರು ಮಾತ್ರ ಒಪ್ಪಲಿಲ್ಲ. ಅವರ ಅಡ್ಡಹೆಸರು 'ಅಡಿಟಿಪ್ಪಣಿ'. ಗುಂಪಿನಲ್ಲಿ ಪ್ರೊಫೆಸರನಿಗೆ ಸರಿಸಾಟಿ ಎಂದರೆ ಅವರೊಬ್ಬರೇ. ವರ್ಷಗಟ್ಟಲೆ ಇಬ್ಬರೂ ಹಳೆಯ ಸಂಚಿಕೆಗಳ ಬಗ್ಗೆ ಹರಟಿದ್ದರು; ಬೆಳಗ್ಗೆ ಅಂಗಡಿಯ ಶಟರು ಎತ್ತುವ ಮೊದಲು ಅಡಿಟಿಪ್ಪಣಿ ಏನು ಬರೆದಿದ್ದಾರೆ ಎಂದು ನೋಡದಿದ್ದರೆ ಅವನಿಗೆ ಸಮಾಧಾನವಿರುತ್ತಿರಲಿಲ್ಲ. ಮುಖಾಮುಖಿ ಭೇಟಿಯಾಗಿರಲಿಲ್ಲ, ಗಂಡಸೋ ಹೆಂಗಸೋ ಎಂದು ಕೇಳುವ ಪ್ರಸಂಗವೂ ಬಂದಿರಲಿಲ್ಲ.

'ಬೂದಿದೊರೆ ನನ್ನನ್ನು ಹೆದರಿಸಿದ್ದು ಮುಖದಿಂದಲ್ಲ' ಎಂದು ಅಡಿಟಿಪ್ಪಣಿ ಬರೆದರು. 'ಕಾವಲುಗಾರನನ್ನು ಕೊಲ್ಲಿಸಿ, ಮಾರನೆಯ ದಿನ ಅವನ ಹೆಂಡತಿಯ ಮನೆಗೆ ಹೋಗಿ ಸಮಾಧಾನ ಹೇಳುತ್ತಾನಲ್ಲ, ಆಗ ನಾನು ಪುಸ್ತಕ ಮುಚ್ಚಿಟ್ಟಿದ್ದೆ. ಅದಕ್ಕೆ ಸುಟ್ಟ ಮುಖ ಯಾಕೆ ಬೇಕು? ಇನ್ನೊಂದು ಮಾತು. ಸುಟ್ಟ ಮುಖದವರೂ ಕಾಮಿಕ್ಸ್ ಓದುತ್ತಾರೆ, ಪ್ರೊಫೆಸರ್.'

ಮಾತಿನಲ್ಲಿ ಸತ್ವವಿತ್ತು. ಅದು ಅವನಿಗೂ ತಿಳಿಯಿತು, ತಿಳಿದದ್ದರಿಂದಲೇ ಚುಚ್ಚಿತು. ಒಂದಿಬ್ಬರು 'ಹೌದಲ್ಲ' ಎಂದದ್ದು ಗಾಯಕ್ಕೆ ಉಪ್ಪು ಸವರಿದ ಹಾಗಾಯಿತು.

ಆ ವಾರ ಅಂಗಡಿಗೆ ಒಬ್ಬ ಹೆಂಗಸು ಬಂದಳು. ನಲವತ್ತರ ಆಸುಪಾಸು. ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ, ಅಕ್ಷರ ಮಸುಕಾಗುತ್ತಿದೆ ಎಂದಳು. ಬಲಗೆನ್ನೆಯಿಂದ ಕುತ್ತಿಗೆಯವರೆಗೆ ಸುಟ್ಟ ಗಾಯ ಮಾಗಿ ಮಡಿಕೆಮಡಿಕೆಯಾಗಿತ್ತು. ಆ ಕಡೆಯ ಕಿವಿಯ ಮೇಲಂಚು ಇರಲಿಲ್ಲ.

"ಎಲ್ಲಾ ಅಂಗಡೀಲೂ ಜಾರುತ್ತೆ ಅಂತಾರೆ. ದಾರ ಕಟ್ಕೊಳ್ಳಿ ಅಂತಾರೆ," ಎಂದಳು.

"ದಾರ ಯಾಕೆ ಕಟ್ಕೋಬೇಕು? ನೀವೇನು ಹಳೇ ಕಡತಾನಾ?"

ಅವಳು ನಕ್ಕಳು. ಅವನು ಕನ್ನಡಕದ ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸಿದ; ಕಿವಿಯ ಹಿಂದಿನ ಮೂಳೆಗೆ ಆತುಕೊಳ್ಳುವಂತೆ ಮೆತ್ತನೆಯ ರಬ್ಬರಿನ ಕೊಕ್ಕೆಯೊಂದನ್ನು ಕೂರಿಸಿ ನೋಡಿದ. "ನೋವಾದ್ರೆ ಹೇಳಿ" ಎನ್ನುತ್ತಾ ಗಾಯದ ಚರ್ಮವನ್ನು ಬೆರಳಿನಿಂದ ಮುಟ್ಟಿ ಅಳತೆ ತೆಗೆದುಕೊಂಡ. ಎಷ್ಟೋ ಮೂಗು, ಎಷ್ಟೋ ಕಿವಿ ಮುಟ್ಟಿದ ಕೈ. ಅದಕ್ಕೆ ಇದೂ ಒಂದು. ಏನೋ ಹೇಳಲು ಬಂದವಳಂತೆ ಅವಳು ಬಾಗಿಲ ಬಳಿ ನಿಂತಳು. ಆಮೇಲೆ, "ಮುಂದಿನ ವಾರ ಬರ್ತೀನಿ, ಆಗ ಮಾತಾಡೋಣ," ಎಂದು ಹೊರಟಳು. ಗಿರಾಕಿಗಳು ಹೀಗೆ ಏನೇನೋ ಹೇಳುತ್ತಾರೆ. ಅವನು ತಲೆ ಕೆಡಿಸಿಕೊಳ್ಳಲಿಲ್ಲ.

ಸಂಜೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ಗುಂಪು ತೆರೆದು ನೋಡಿದ. ವಾದ ಇನ್ನೂ ಆರಿರಲಿಲ್ಲ. ಅಡಿಟಿಪ್ಪಣಿಯ ಕಡೆ ಜನ ವಾಲುತ್ತಿದ್ದರು. ಕುರ್ಚಿ ಅಲುಗಾಡಿದವನಿಗೆ ಕೈಗೆ ಸಿಕ್ಕಿದ್ದೇ ಕೋಲು. ಬರೆದ: 'ಇವತ್ತು ನಮ್ಮ ಅಂಗಡಿಗೆ ಸಾಕ್ಷಾತ್ ಬೂದಿದೊರೆಯ ತಂಗಿಯೇ ಬಂದಿದ್ದಳು. ಅರ್ಧ ಕಿವಿ ಇಲ್ಲ. ಕನ್ನಡಕ ಕೂರಿಸುವಾಗ ನನ್ನ ಕೈ ಗಡಗಡ ನಡುಗಿತು. ಮಧ್ಯಾಹ್ನ ಊಟ ಸೇರಲಿಲ್ಲ. ಆ ಮುಖ ಒರೆಸಿ ನಿರ್ದೇಶಕ ಕಳೆದುಕೊಂಡದ್ದು ಇಂಥ ಪರಿಣಾಮವನ್ನು, ಅಡಿಟಿಪ್ಪಣಿಯವರೇ!'

ಬಿದ್ದು ಬಿದ್ದು ನಗುವ ಮುಖಗಳು ಪುಟಗಟ್ಟಲೆ ಬಂದವು. 'ಪ್ರೊಫೆಸರ್ ಹೊಡೆದರೆ ಸಿಕ್ಸರ್' ಎಂದು ಯಾರೋ ಬರೆದರು. ಮನೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೂ ಅವನ ಮುಖದಲ್ಲಿ ನಗುವಿತ್ತು. ಬೇಕರಿಯಲ್ಲಿ ಒಲೆ ನೋಡಿಕೊಳ್ಳುವ ಹೆಂಡತಿ ಆಗಷ್ಟೇ ಬಂದು ಕಾಲು ಚಾಚಿ ಕೂತಿದ್ದಳು.

"ಏನು, ಲಾಟರಿ ಹೊಡೀತಾ?"

"ಏನಿಲ್ಲ, ಗುಂಪಲ್ಲಿ ಒಂದು ಜೋಕು."

"ನಂಗೂ ಹೇಳಿ."

ಅವನು ಬಾಯಿ ತೆರೆದ. ಯಾಕೋ ಆ ಜೋಕನ್ನು ಹೆಂಡತಿಯ ಎದುರು ಹೇಳಲು ಆಗಲಿಲ್ಲ. "ನಿಂಗೆ ಅರ್ಥ ಆಗಲ್ಲ, ಕಾಮಿಕ್ಸಿಂದು," ಎಂದು ಒಳಗೆ ಹೋದ.

ಅಡಿಟಿಪ್ಪಣಿ ಉತ್ತರ ಕೊಡಲಿಲ್ಲ. ಮಾರನೆಯ ದಿನ ನೋಡಿದರೆ ಗುಂಪು ಬಿಟ್ಟು ಹೋಗಿದ್ದರು. ಗೆದ್ದೆ ಎಂದುಕೊಂಡ, ಆದರೆ ಶಟರು ಎತ್ತುವ ಮುಂಚೆ ಓದಲು ಏನೂ ಇರಲಿಲ್ಲ.

ಹೇಳಿದ ದಿನಕ್ಕೆ ಕರಡು ತಿದ್ದುವವಳು ಬಂದಳು. ಅವನು ಸಿದ್ಧವಾಗಿದ್ದ ಕನ್ನಡಕವನ್ನು ಬಟ್ಟೆಯಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಅವಳ ಮುಖಕ್ಕೆ ಕೂರಿಸಿದ. ಕೊಕ್ಕೆ ಸರಿಯಾಗಿ ಕೂತಿತು. "ತಲೆ ಬಗ್ಗಿಸಿ ನೋಡಿ. ಅಲ್ಲಾಡ್ತಾ ಇಲ್ಲ ಅಲ್ವಾ?"

"ಇಲ್ಲ. ನಿಮ್ಮ ಕೈನೂ ಅಲ್ಲಾಡ್ತಾ ಇಲ್ಲ, ಪ್ರೊಫೆಸರ್."

ಮೊದಲಿಗೆ ಅವನಿಗೆ ಹೊಳೆಯಲಿಲ್ಲ. ಅಂಗಡಿಯಲ್ಲಿ ಆ ಹೆಸರು ಹಿಡಿದು ಕರೆದವರು ಯಾರೂ ಇರಲಿಲ್ಲ. ಹೊಳೆದಾಗ ಕಾಲ ಕೆಳಗಿನ ನೆಲ ಬಾಯ್ಬಿಡಬಾರದೇ ಎನಿಸಿತು.

"ನೀವು..."

"ಅಡಿಟಿಪ್ಪಣಿ. ಅಂಗಡಿ ಎಲ್ಲಿದೆ ಅಂತ ನೀವೇ ಒಂದ್ಸಲ ಗುಂಪಲ್ಲಿ ಬರ್ದಿದ್ರಿ. ಆವತ್ತು ಜಗಳ ಆದ್ಮೇಲೆ ಅನ್ಕೊಂಡೆ, ಎದುರಿಗೆ ಕೂತು ಮಾತಾಡಿದ್ರೆ ಈ ಮನುಷ್ಯನಿಗೆ ಅರ್ಥ ಆಗುತ್ತೆ ಅಂತ. ಕನ್ನಡಕಾನೂ ಬೇಕಿತ್ತು ಅನ್ನಿ." ಅವಳ ದನಿ ಏರಲಿಲ್ಲ. "ಬಂದೆ. ನೀವು ಎಷ್ಟು ಚೆನ್ನಾಗಿ ನೋಡ್ಕೊಂಡ್ರಿ ಅಂದ್ರೆ, ಹೇಳೋದೇ ಬೇಡ, ಇವರಿಗೆ ಎಲ್ಲಾ ಗೊತ್ತು ಅನ್ನಿಸ್ತು. ದಾರೀಲಿ ನಮ್ಮಕ್ಕಂಗೆ ಫೋನ್ ಮಾಡಿ ಹೊಗಳಿದ್ದೇ ಹೊಗಳಿದ್ದು. ಮನೆಗೆ ಹೋಗಿ ಗುಂಪು ತೆಗೆದ್ರೆ, ನಾನು ಬೂದಿದೊರೆ ತಂಗಿ."

ಬಾಗಿಲ ಗಾಜಿನಾಚೆ ಜನ ಹೋಗುತ್ತಿದ್ದರು. ಯಾರಾದರೂ ಒಳಗೆ ಬರಲಿ ಎಂದೂ, ಯಾರೂ ಬರದಿರಲಿ ಎಂದೂ ಬೇಡಿಕೊಂಡ.

"ಒಂದೇ ಪ್ರಶ್ನೆ. ಆವತ್ತು ನಿಮ್ಮ ಕೈ ನಡುಗಿತ್ತಾ?"

"ಇಲ್ಲ."

"ನಂಗೊತ್ತು. ನಾನು ಕೈನೇ ನೋಡ್ತಾ ಇದ್ದೆ. ಎಲ್ಲರ ಕೈನೂ ನೋಡ್ತೀನಿ, ಅಭ್ಯಾಸ ಆಗೋಗಿದೆ. ನಡುಗಿದ್ರೆ ನಡುಗ್ತು ಅನ್ಕೊಂಡು ಸುಮ್ನಾಗ್ತಿದ್ದೆ. ನಡುಗದೇ ಇದ್ದ ಕೈನ ಯಾಕೆ ನಡುಗಿಸಿದ್ರಿ?"

ಸುಳ್ಳು ಹೇಳಲು ಹತ್ತು ದಾರಿ ಹುಡುಕಿದ. ಒಂದೂ ಸಿಗಲಿಲ್ಲ. "ಎಲ್ಲರೂ ನಗ್ತಾರೆ ಅಂತ," ಎಂದ. ತನ್ನ ದನಿ ತನಗೇ ಎಲ್ಲಿಂದಲೋ ಕೇಳಿಸಿತು.

"ನಕ್ರು," ಎಂದಳು ಅವಳು. ಕನ್ನಡಕದ ಬೆಲೆಯನ್ನು ಮೇಜಿನ ಮೇಲಿಟ್ಟಳು. ಬೇಡ ಎನ್ನಲು ಅವನು ಕೈ ಎತ್ತಿದ. ಅವಳು ನೋಡಿದ ನೋಟಕ್ಕೆ ಕೈ ಕೆಳಗಿಳಿಯಿತು. "ಕೆಲಸ ಚೆನ್ನಾಗಿ ಮಾಡಿದ್ದೀರಿ," ಎಂದು ಹೊರಟುಹೋದಳು. ಆ ಹೊಗಳಿಕೆ ಅವನಿಗೆ ಕಪಾಳಕ್ಕೆ ಹೊಡೆದದ್ದಕ್ಕಿಂತ ಜೋರಾಗಿ ತಾಗಿತು.

ಅಂಗಡಿಗೆ ಬೀಗ ಹಾಕಿ ನೇರ ಬೇಕರಿಗೆ ಹೋದ. ಹಿಂಬಾಗಿಲಲ್ಲಿ, ಹಿಟ್ಟಿನ ಮೂಟೆಗಳ ನಡುವೆ ನಿಂತು ಹೆಂಡತಿಗೆ ಎಲ್ಲ ಹೇಳಿದ. ಬರೆದದ್ದನ್ನೂ ಓದಿಸಿದ. ಅವಳು ಹಿಟ್ಟಿನ ಕೈ ಒರೆಸಿಕೊಂಡು ಎರಡು ಸಲ ಓದಿದಳು. ಬೈಯುತ್ತಾಳೆ ಎಂದುಕೊಂಡಿದ್ದ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಇದೇನಾ ನಂಗೆ ಅರ್ಥ ಆಗಲ್ಲ ಅಂದಿದ್ದು?" ಎಂದಳಷ್ಟೆ.

ಆಡಿದ ಮಾತು, ಒಡೆದ ಮುತ್ತು. ಅಳಿಸೋಣವೆಂದರೆ ಆ ಬರಹ ಆಗಲೇ ಇನ್ನೆರಡು ಗುಂಪಿಗೆ ಹಾರಿತ್ತು. ಅಲ್ಲಿ ಉಪ್ಪುಖಾರ ಬೆರೆತು, ಪ್ರೊಫೆಸರ್ ಮೂರ್ಛೆ ಹೋಗಿ ಬಿದ್ದನೆಂಬವರೆಗೆ ಬೆಳೆದಿತ್ತು. ಆದರೂ ಅಳಿಸಿದ. ಅದರ ಜಾಗದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದ: ಕೈ ನಡುಗಿರಲಿಲ್ಲ, ಊಟ ಸೇರಿತ್ತು, ನಗಿಸಲೆಂದು ಸುಳ್ಳು ಹೇಳಿದೆ, ಆಕೆ ನನ್ನನ್ನು ನಂಬಿ ಬಂದಿದ್ದರು.

ಆದದ್ದೇ ಬೇರೆ. 'ಎಂಥ ದೊಡ್ಡ ಮನಸ್ಸು!' 'ತಪ್ಪು ಒಪ್ಪಿಕೊಳ್ಳಲೂ ಗುಂಡಿಗೆ ಬೇಕು!' ಎಂದು ಹೃದಯದ ಚಿತ್ರಗಳು ಸುರಿದವು, ಜೋಕಿಗೆ ಬಂದ ನಗುಗಳಿಗಿಂತ ಹೆಚ್ಚು. ಒಂದು ಕ್ಷಣ ಅವನ ಎದೆ ಉಬ್ಬಿತು. ಹೌದು, ಉಬ್ಬಿತು. ಬೆರಳು ತಾನಾಗಿ ಪರದೆಯನ್ನು ಕೆಳಗೆಳೆದು ಇನ್ನೆಷ್ಟು ಬಂದವೆಂದು ನೋಡಿತು. ನೋಡಿದ್ದು ತಿಳಿದಾಗ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಅವಳ ಗಾಯದಿಂದ ಎರಡು ಸಲ ಚಪ್ಪಾಳೆ ಗಿಟ್ಟಿಸಿದಂತಾಗಿತ್ತು. ಅವನೂ ಗುಂಪು ಬಿಟ್ಟ.

ಸಿನಿಮಾ ಬಂದಾಗ ಹೋಗಬಾರದು ಎಂದುಕೊಂಡಿದ್ದ. ಹೆಂಡತಿಯೇ ಟಿಕೆಟ್ ತಂದಳು. "ನೀವು ತಪ್ಪು ಮಾಡಿದ್ದಕ್ಕೆ ನಾನ್ಯಾಕೆ ಸಿನಿಮಾ ಬಿಡ್ಲಿ?" ಎಂದಳು. ಮಧ್ಯಾಹ್ನದ ಆಟ, ಅರ್ಧ ಕುರ್ಚಿ ಖಾಲಿ. ಕಾವಲುಗಾರನ ಹೆಂಡತಿಯ ದೃಶ್ಯ ಬಂತು. ನುಣ್ಣನೆ ಕೆನ್ನೆಯ ಬೂದಿದೊರೆ ಆಕೆಯ ಅಡುಗೆಮನೆಯಲ್ಲಿ ಕೂತು, ನೀರು ಕೇಳಿ ಕುಡಿದು, ಲೋಟವನ್ನು ತಾನೇ ತೊಳೆದಿಟ್ಟ. ನೋಡಲು ಒಳ್ಳೆಯವನ ಹಾಗೇ ಇದ್ದ. ಕನ್ನಡಕದವನಿಗೆ ಬೆನ್ನು ತಣ್ಣಗಾಯಿತು. ಹಾಗೆ ಒಳ್ಳೆಯವನ ಹಾಗೆ ಕಾಣುವುದು ಎಷ್ಟು ಸುಲಭ ಎಂದು ಅವನಿಗಿಂತ ಚೆನ್ನಾಗಿ ಅಲ್ಲಿ ಯಾರಿಗೆ ಗೊತ್ತಿತ್ತು?

ಮಧ್ಯಂತರದಲ್ಲಿ ದೀಪ ಹತ್ತಿತು. ಮೂರು ಸಾಲು ಮುಂದೆ ಅವಳು ಅಕ್ಕನ ಜೊತೆ ಕೂತಿದ್ದಳು. ಅವನು ತಲೆ ತಗ್ಗಿಸಿ ಚಪ್ಪಲಿ ಹುಡುಕುವವನಂತೆ ಬಗ್ಗಿದ.

"ಅವ್ರೇನಾ?" ಎಂದಳು ಹೆಂಡತಿ. "ಹೋಗಿ. ಹೀಗೆ ಬಗ್ಗಿದ್ರೆ ಬೆನ್ನು ಹಿಡ್ಕೊಳ್ಳುತ್ತೆ ಅಷ್ಟೇ."

ಕಾಲು ಎಳೆದುಕೊಂಡು ಹೋದ. ಅವಳು ತಲೆ ಎತ್ತಿದಳು. "ನೀವು ಹೇಳಿದ್ದು ಸರಿ," ಎಂದ.

"ಯಾವುದು?"

"ಎಲ್ಲಾ. ನಾನು ಕ್ಷಮೆ..."

"ಅದು ಬೇಡ ಈಗ," ಎಂದಳು ಅವಳು. "ಇನ್ನೂ ನಂಗೆ ಆಗಿಲ್ಲ. ಆಗುತ್ತೋ ಇಲ್ವೋ, ಅದೂ ಗೊತ್ತಿಲ್ಲ."

ಅವನು ತಲೆಯಾಡಿಸಿದ. ಹಿಂದಿರುಗಲು ತಿರುಗಿದಾಗ ಅವಳೇ, ಬೇಡಬೇಡವೆನ್ನುತ್ತಲೇ ಮಾತು ಬಾಯಿಗೆ ಬಂದವಳಂತೆ, ಕೇಳಿದಳು: "ಲೋಟ ತೊಳೆದದ್ದು ಪುಸ್ತಕದಲ್ಲಿ ಇತ್ತಾ?"

"ಇಲ್ಲ. ಇವರೇ ಸೇರಿಸಿದ್ದು."

"ಚೆನ್ನಾಗಿ ಸೇರಿಸಿದ್ದಾರೆ."

"ತುಂಬಾ," ಎಂದ. ಇನ್ನೂ ಹೇಳುವುದು ಬೇಕಾದಷ್ಟಿತ್ತು. ಹೇಳುವ ಹಕ್ಕು ತನಗಿದೆ ಎನಿಸಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು. ಅವಳು ಪರದೆಯ ಕಡೆ ತಿರುಗಿದಳು. ಅವನು ಕತ್ತಲಾಗುವ ಮೊದಲು ತನ್ನ ಜಾಗಕ್ಕೆ ಬಂದು ಕೂತ. ಹೆಂಡತಿ ಇಬ್ಬರ ನಡುವಿನ ಕುರ್ಚಿಯಲ್ಲಿಟ್ಟಿದ್ದ ಚೀಲವನ್ನು ತೊಡೆಯ ಮೇಲೆ ತೆಗೆದುಕೊಂಡು ಅವನ ಪಕ್ಕಕ್ಕೆ ಸರಿದಳು. ಸಿನಿಮಾ ಮುಂದುವರಿಯಿತು. ಬಹಳ ಹೊತ್ತು ಅವನಿಗೆ ಒಂದು ಮಾತೂ ತಲೆಗೆ ಹೋಗಲಿಲ್ಲ.