ಜೋಂಗಾದ ನಟ್ಟು

ಬಕ್ಕಪ್ಪ ಮಿಸ್ತ್ರಿ ಕಣ್ಣು ಮುಚ್ಚಿ ಒಂದು ನಟ್ಟು ಮುಟ್ಟಿದನೆಂದರೆ ಮುಗಿಯಿತು. ಅದು ಯಾವ ಗಾಡಿಯದು, ಯಾವ ಯುದ್ಧಕ್ಕೆ ಹೋಗಿತ್ತು, ಗಾಡಿ ಓಡಿಸಿದ ಸಿಪಾಯಿಯ ಹೆಂಡತಿ ಅವತ್ತು ಮನೆಯಲ್ಲಿ ಏನು ಪಲ್ಯ ಮಾಡಿದ್ದಳು, ಎಲ್ಲವನ್ನೂ ಹೇಳಿಬಿಡುತ್ತಿದ್ದ. ಇದನ್ನು ನಂಬದವನು ಬೀದರಿನ ಇಡೀ ಕೊಳಾರ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಒಬ್ಬನೂ ಇರಲಿಲ್ಲ. ಹಾಗಂತ ಬಕ್ಕಪ್ಪನೇ ಹೇಳುತ್ತಿದ್ದ.

"ಎಪ್ಪತ್ತೊಂದರ ಲಡಾಯಿದಾಗ ಸತ್ತ ಟ್ಯಾಂಕಿನ ಬೋಲ್ಟು ನನ್ನ ಕೈಯಾಗ ಬಂದು ಅತ್ತಿತ್ತು," ಎಂದು ಆ ಮಧ್ಯಾಹ್ನವೂ ಶುರುಮಾಡಿದ. "ಖರೇನ ಅತ್ತಿತ್ತು. ಅಂಗೈ ತೊಯ್ದು ತೊಪ್ಪಿ ಆಗಿತ್ತು."

"ಎಣ್ಣಿ ಸೋರಿರಬೇಕು ನೋಡ್ರಿ ಕಾಕಾ," ಅಂದಳು ಆಮ್ರಪಾಲಿ.

ಅವಳು ಔರಾದಿನವಳು, ಅಲ್ಲಿಯ ಅಂಚೆ ಕಚೇರಿಯಲ್ಲಿ ಕೆಲಸ. ಸೈನ್ಯದವರು ಹರಾಜಿಗೆ ಹಾಕಿದ ಹಳೆಯ ಜೋಂಗಾ ಗಾಡಿಯೊಂದನ್ನು ಅಪ್ಪನಿಗಾಗಿ ಕೊಂಡಿದ್ದಳು. ಅಪ್ಪ ನಾಗಸೇನ ಫೌಜಿನಲ್ಲಿದ್ದಷ್ಟು ದಿನವೂ ಜೋಂಗಾ ಓಡಿಸಿದವನು. ಈಗ ಮಗಳ ಪಕ್ಕದಲ್ಲಿ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ನಾಳೆ ಭೀಮ ಜಯಂತಿ. ಔರಾದಿನ ಮೆರವಣಿಗೆಯ ಮುಂದೆ ಆ ಗಾಡಿ, ಗಾಡಿಯ ತುಂಬ ಓಣಿಯ ಮಕ್ಕಳು, ಸ್ಟಿಯರಿಂಗ್ ಹಿಡಿದು ನಾಗಸೇನ. ಬಣ್ಣ ಬಳಿದಾಗಿತ್ತು, ಹೂವಿಗೆ ಹೇಳಿಯಾಗಿತ್ತು. ಆದರೆ ಓಡಿಸಿ ನೋಡುವಾಗ ಸ್ಟಿಯರಿಂಗಿನ ರಾಡಿನಿಂದ ಒಂದು ನಟ್ಟು ಕಳಚಿ ಬಿದ್ದು, ಮುಂದಿನ ಎಡಗಾಲಿ ತನ್ನ ಮನಸ್ಸು ಬಂದತ್ತ ತಿರುಗಿ, ಗಾಡಿ ಹೊಲದ ಬದುವಿಗೆ ಮುಖ ಕೊಟ್ಟು ನಿಂತಿತ್ತು. ಅಪ್ಪ-ಮಗಳು ರಾಡನ್ನೇ ಬಿಚ್ಚಿ, ಗೋಣಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ್ದರು. ಭಾಲ್ಕಿಯಲ್ಲಿ ಕೇಳಿದ ಅಂಗಡಿಯವರೆಲ್ಲ ಬೊಟ್ಟು ಮಾಡಿದ್ದು ಬೀದರಿನ ಬಕ್ಕಪ್ಪನ ಕಡೆಗೆ.

ಬಕ್ಕಪ್ಪನ ಶೆಡ್ಡಿನಲ್ಲಿ ಮಿಲಿಟರಿ ಹರಾಜಿನ ಕಬ್ಬಿಣ ಗುಡ್ಡದಂತೆ ಬಿದ್ದಿತ್ತು. ಯಾವ ಗಾಡಿಯ ಯಾವ ಅಂಗ ಎಂಬ ಗುರುತಿಲ್ಲದ ಸಾಮಾನು. ಅವನು ನಟ್ಟಿನ ಡಬ್ಬ ಸುರುವಿ ಎರಡನ್ನು ಎತ್ತಿದ.

"ಇವೆರಡೂ ನೋಡಾಕ ಅವಳಿ-ಜವಳಿ ಮಕ್ಳು. ಒಂದು ಜೀಪಿಂದು, ಇಂಚಿನ ಲೆಕ್ಕ. ಇನ್ನೊಂದು ಜೋಂಗಾದ್ದು, ಮಿಲಿಮೀಟರ್ ಲೆಕ್ಕ. ಜೀಪಿನ ನಟ್ಟು ಜೋಂಗಾದ ಬೋಲ್ಟಿಗಿ ಏರ್ತದ, ಕೂಡ್ತದ, ಭಾಳ ಸಭ್ಯಸ್ಥನಂಗ ಇರ್ತದ. ಭಾರ ಬಿತ್ತಂದ್ರ ಒಳಗಿನ ಹಲ್ಲು ಉದುರಿಸಿಕೊಂಡು ಓಡಿಹೋಗ್ತದ. ಕಣ್ಣಿಗಿ ಈ ಫರಕು ಕಾಣಂಗಿಲ್ಲ. ಬೆರಳಿಗಿ ಗೊತ್ತಾಗ್ತದ, ಒಂದು ಕೂದಲೆಳಿಯಷ್ಟು ಅಲುಗಾಟ."

"ಅಳತಿ ಮಾಡೋ ಸ್ಪ್ಯಾನರು, ಪಾನಾ, ಇಲ್ಲೇನ್ರಿ?"

"ಪಾನಾ ಆ ಗಫೂರಗ ಬೇಕು," ಎಂದು ಪಕ್ಕದ ಶೆಡ್ಡಿನತ್ತ ಗಲ್ಲ ಎತ್ತಿದ. "ನನಗ ದೇವರು ಹತ್ತು ಪಾನಾ ಕೊಟ್ಟೇ ಕಳಿಸ್ಯಾನ."

ಹತ್ತನ್ನೂ ಅಗಲಿಸಿ ತೋರಿಸಿದ. ಆಮೇಲೆ ಕಣ್ಣು ಮುಚ್ಚಿ, ನಟ್ಟಿನೊಳಗೆ ಕಿರುಬೆರಳ ತುದಿಯಿಟ್ಟು ತಿರುಗಿಸಿದ. ಏನೂ ತಿಳಿಯಲಿಲ್ಲ. ಬೆರಳಿಗೆ ಯಾರೋ ಜೋಳದ ಹಿಟ್ಟು ಮೆತ್ತಿ ಒಣಗಲು ಬಿಟ್ಟಂತಿತ್ತು. ಸಕ್ಕರೆ ಕಾಯಿಲೆಯ ಜೋಮು ಮೊದಲು ಪಾದಕ್ಕೆ ಬಂದಿತ್ತು, ಆಗ ಅವನು ಚಪ್ಪಲಿ ಬದಲಿಸಿದ. ಕೈಗೆ ಬಂದಾಗ ಏನು ಬದಲಿಸಬೇಕೆಂದು ತಿಳಿಯದೆ ದೊಡ್ಡ ದೊಡ್ಡ ಕಥೆ ಹೇಳತೊಡಗಿದ. ಕಥೆ ಹೇಳುವಷ್ಟರಲ್ಲಿ ಒಂದು ಅಂದಾಜು ಸಿಗುತ್ತಿತ್ತು. ಕೆಲವೊಮ್ಮೆ ಆ ಅಂದಾಜು ನಿಜವೂ ಆಗುತ್ತಿತ್ತು. ಬರುಬರುತ್ತ ಕಥೆ ಹೇಳುವುದೇ ಕಬ್ಬಿಣ ಹೊರುವುದಕ್ಕಿಂತ ದಣಿಸುತ್ತಿತ್ತು.

"ಇದು ಜೋಂಗಾ!" ಎಂದು ಒಂದನ್ನು ಎತ್ತಿ ರಾಡಿಗೆ ತಿರುಗಿಸಿದ. ನಟ್ಟು ಏರಿತು, ಕೂತಿತು. "ಸಂಸಾರ ಕೂಡಿತು ನೋಡ್ರಿ. ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ಬಿಚ್ಚಂಗಿಲ್ಲ."

ಅಷ್ಟರಲ್ಲಿ ಅಬ್ದುಲ ಗಫೂರ ಚಹಾ ತಂದ. "ಏ ಬಕ್ಕಪ್ಪಾ, ಇವತ್ತ ಎಷ್ಟು ಟ್ಯಾಂಕ್ ಅಳಿಸಿದಿ?" ಎಂದು ನಗುತ್ತ, ಆಗಷ್ಟೇ ಒಲೆಯಿಂದಿಳಿದ ಚಹಾದ ಗಾಜಿನ ಲೋಟಗಳನ್ನು ಅಂಚು ಹಿಡಿದು ಹಂಚಿ ಹೋದ. ಆಮ್ರಪಾಲಿ ಲೋಟವನ್ನು ಸೆರಗಿನಲ್ಲಿ ಹಿಡಿದಳು. ನಾಗಸೇನ ಕರವಸ್ತ್ರ ಮಡಚಿಕೊಂಡ. ಬಕ್ಕಪ್ಪ ತನ್ನ ಲೋಟವನ್ನು ಮುಷ್ಟಿಯಲ್ಲಿ ಹಿಡಿದು, ಶಕ್ತಿಮಾನ್ ಎಂಬ ಮಿಲಿಟರಿ ಲಾರಿಯೊಂದನ್ನು ತಾನು ಬರೀ ಬೈದೇ ಚಾಲೂ ಮಾಡಿದ ಕಥೆ ಹೇಳತೊಡಗಿದ.

ನಾಗಸೇನ ಆ ಮುಷ್ಟಿಯನ್ನೇ ನೋಡುತ್ತಿದ್ದ. ಲಾರಿಯ ಎಂಜಿನ್ ಎರಡನೇ ಬೈಗುಳಕ್ಕೆ ಕೆಮ್ಮುವ ಹೊತ್ತಿಗೆ ಎದ್ದು, ಡಬ್ಬದೊಳಗೆ ಕೈ ಹಾಕಿದ.

"ಮಿಸ್ತ್ರಿ, ಕಥಿ ತಡೀರಿ. ಚಹಾ ಕೆಳಗ ಇಟ್ಟು ಕಣ್ಣು ಮುಚ್ರಿ. ನಾ ಕೊಟ್ಟಿದ್ದು ಯಾವುದು ಅಂತ ಹೇಳ್ರಿ."

"ಫೌಜಿ ಸಾಹೇಬ್ರು ಪರೀಕ್ಷಾ ತಗೋತಾರ!" ಬಕ್ಕಪ್ಪ ಕಣ್ಣು ಮುಚ್ಚಿದ. ಅಂಗೈಗೆ ನಟ್ಟು ಬಿತ್ತು. ತಿರುಗಿಸಿದ, ತೂಗಿದ. "ಜೀಪು. ರಾಜಸ್ಥಾನದ ಉಸುಕು ಇನ್ನೂ ಒಳಗದ."

ನಾಗಸೇನ ಅದನ್ನು ತೆಗೆದುಕೊಂಡ. ತುಸು ತಡೆದು ಮತ್ತೆ ಇಟ್ಟ.

"ಹಾಂ, ಇದು ಜೋಂಗಾ. ಮುಟ್ಟಿದ ಕೂಡಲೇ ಬೆಣ್ಣಿ ಮುಟ್ಟಿದಂಗ ಆತು."

"ಕಣ್ಣು ತೆಗೀರಿ."

ನಾಗಸೇನ ತನ್ನೆರಡೂ ಕೈ ಬಿಚ್ಚಿ ತೋರಿಸಿದ. ಖಾಲಿ. "ನಾ ತಗೊಂಡಿದ್ದು ಒಂದೇ ನಟ್ಟು. ಎರಡೂ ಸಲ ಅದೇ."

ಬಕ್ಕಪ್ಪನ ಬಾಯಿ ಹಳೆಯ ಅಭ್ಯಾಸದಂತೆ ತಾನೇ ತೆರೆಯಿತು. "ಹಂಗಲ್ರಿ, ಈ ನಟ್ಟು ಮೊದಲು ಜೀಪಿನಾಗಿತ್ತು, ಆಮ್ಯಾಲ ಲಡಾಖಿನಾಗ ಒಬ್ಬ ಹವಾಲ್ದಾರ ಜೋಂಗಾಕ್ಕ..."

"ಕಾಕಾ," ಅಂದಳು ಆಮ್ರಪಾಲಿ. ದನಿ ಏರಿಸಲಿಲ್ಲ. "ನಾಳಿ ಗಾಡಿದಾಗ ಹುಡುಗ್ರು ಕೂಡ್ತಾವ್ರಿ."

ಹವಾಲ್ದಾರ ಲಡಾಖಿನಲ್ಲೇ ಉಳಿದ. ಪಕ್ಕದ ಶೆಡ್ಡಿನಿಂದ ತಗಡು ಬಡಿಯುವ ಸದ್ದು ಬರುತ್ತಿತ್ತು. ಬಕ್ಕಪ್ಪ ರಾಡನ್ನು ತೊಡೆಯ ಮೇಲೆ ಎಳೆದುಕೊಂಡು, ತಾನು ಕೂರಿಸಿದ ನಟ್ಟನ್ನು ನಿಧಾನವಾಗಿ ಬಿಚ್ಚಿದ. ಅದು ಬೋಲ್ಟಿನಿಂದ ಈಚೆ ಬಂದದ್ದು ಕಣ್ಣಿಗೆ ಕಂಡಿತು, ಕೈಗೆ ತಿಳಿಯಲಿಲ್ಲ.

"ಗಫೂರ್ ಭಾಯ್," ಎಂದು ಗೋಡೆಯತ್ತ ಕೂಗಿದ. ಆ ಕೂಗಿನಲ್ಲಿ ಟ್ಯಾಂಕೂ ಇರಲಿಲ್ಲ, ಯುದ್ಧವೂ ಇರಲಿಲ್ಲ. "ನಿನ್ನ ಅಳತಿ ಪಾನಾ ತಗೊಂಡು ಬಾರೋ."

ಆಚೆ ಕಡೆ ಬಡಿತ ನಿಂತಿತು. "ಯಾರಿಗಿ?"

"ನನಗ."

ಗಫೂರ ನಗಬಹುದೆಂದು ಬಕ್ಕಪ್ಪ ಕಾದ. ನಗು ಕೇಳಲಿಲ್ಲ, ಪೆಟ್ಟಿಗೆಯಲ್ಲಿ ಹುಡುಕಾಡುವ ಸದ್ದಷ್ಟೇ ಕೇಳಿತು.

"ವರ್ಷದ ಮ್ಯಾಲ ಆತ್ರಿ," ಎಂದ ಬಕ್ಕಪ್ಪ, ತಲೆ ಎತ್ತದೆ. "ಕಬ್ಬಿಣ ಏನೂ ಹೇಳವಲ್ದು. ನಾನೇ ಹೇಳಿಕೋತ ಕೂತೀನಿ."

ಬಕ್ಕಪ್ಪ ನೆಲದ ಮೇಲಿದ್ದ ಲೋಟ ಎತ್ತಿಕೊಂಡ. ಆಗ ಅದನ್ನು ಮುಷ್ಟಿಯಲ್ಲಿ ಹಿಡಿದಿದ್ದ ಅಂಗೈ ಕೆಂಪಗೆ ಉಬ್ಬಿತ್ತು. ಅದನ್ನು ಈಗಷ್ಟೇ ಕಂಡವನಂತೆ ನೋಡಿ, ಲೋಟವನ್ನು ಆಮ್ರಪಾಲಿಯತ್ತ ಚಾಚಿದ.

"ಮುಟ್ಟಿ ನೋಡವ್ವ ಸ್ವಲ್ಪ," ಎಂದ. "ಭಾಳ ಬಿಸಿ ಅದ ಏನು?"