ಎಲ್ಲರೂ ಪಾಸಾದ ತರಬೇತಿ

"ಹಿಟ್ಟಿಗೆ ಕೈ ಹಚ್ಚಬ್ಯಾಡಲೇ, ಹೊಲಸು ಸೂಳೆಮಗನ! ನಿನ್ನ ಕೈಯಾಗಿನ ರೊಟ್ಟಿ ಮಂದಿ ತಿಂತಾರೇನು? ಹೋಗು, ಸಂಡಾಸ ತಿಕ್ಕು ಹೋಗು!"

ಸಂಗಮೇಶನ ಅಬ್ಬರಕ್ಕೆ ರೊಟ್ಟಿ ಬಡಿಯುವ ಸದ್ದೇ ನಿಂತಿತು. ಅಮೆರಿಕದ ಗ್ಲೆಂಡೇಲ್ ಹೈಟ್ಸ್‌ನಲ್ಲಿ ಮದುವೆ, ಗೃಹಪ್ರವೇಶಗಳಿಗೆ ಊಟ ಒದಗಿಸುವ ಈ ಅಡುಗೆಮನೆಯ ಮಾಲೀಕ ಅವನು. ಬೈಸಿಕೊಂಡ ಕಲ್ಲಿನಾಥ ಐದು ವರ್ಷದಿಂದ ಅವನಲ್ಲಿ ಅಡುಗೆಯವನು. ಹಿಂದಿನ ದಿನ ಹತ್ತಿರದ ಸ್ಕೋಕಿ ಊರಿನ ಅಂಗಡಿಯೊಂದರ ಮುಂದೆ ಕಲ್ಲಿನಾಥ ತಾನು ಪ್ರೀತಿಸುವ ವಿವೇಕನ ಕೈ ಹಿಡಿದು ನಿಂತಿದ್ದನ್ನು ಸಂಗಮೇಶ ಕಾರಿನಿಂದ ಕಂಡಿದ್ದ. ಆಗಿದ್ದು ಅಷ್ಟೇ.

ಕಲ್ಲಿನಾಥ ಎದ್ದು ಬ್ರಷ್ಷು ಹಿಡಿದ. ಅವನ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದವನು ಸಂಗಮೇಶ. ಸೇಡಂನಲ್ಲಿರುವ ಅವ್ವನ ನಂಬರೂ ಸಂಗಮೇಶನ ಬಳಿ ಇತ್ತು. ಮಗನನ್ನು ಅಮೆರಿಕಕ್ಕೆ ಕರೆಸಿಕೊಂಡ ಪುಣ್ಯಾತ್ಮನೆಂದು ಅವ್ವ ಅವನಿಗೆ ಫೋನಿನಲ್ಲೇ ಕೈಮುಗಿಯುವವಳು. ಈ ದೇಶದಲ್ಲಿ ಕಲ್ಲಿನಾಥ ವಿವೇಕನನ್ನು ಮದುವೆಯೇ ಆಗಬಹುದಿತ್ತು, ಕಾನೂನು ಬೇಡವೆನ್ನುತ್ತಿರಲಿಲ್ಲ. ಆದರೆ ಸೇಡಂಗೆ ಒಂದು ಫೋನು ಹೋದರೆ ಅವ್ವ ತನ್ನ ಪಾಲಿಗಿಲ್ಲ ಎಂಬ ಅಂಜಿಕೆ ಅವನದು.

ಹತ್ತು ಗಂಟೆಗೆ ಸಂಗಮೇಶನ ಮಗಳು ತಾನ್ಯಾ ಲ್ಯಾಪ್‌ಟಾಪ್ ತಂದು ಎಲ್ಲರನ್ನೂ ಕೂರಿಸಿದಳು. ಕೆಲಸದ ಜಾಗದಲ್ಲಿ ಯಾರನ್ನೂ ಕೀಳಾಗಿ ಕಾಣಬಾರದೆಂದು ಅಲ್ಲಿನ ಕಾನೂನಿನ ಪ್ರಕಾರ ವರ್ಷಕ್ಕೊಮ್ಮೆ ತರಬೇತಿ ಕೊಡಲೇಬೇಕಂತೆ.

"ಎಲ್ಲಾರ ಉತ್ತರಾನೂ ನೀನ ಲಗೂ ಲಗೂ ಒತ್ತಿ ಮುಗಸವಾ, ಬಡಿಯೂ ರೊಟ್ಟಿ ಇನ್ನೂ ಉಳದಾವ," ಅಂದ ಸಂಗಮೇಶ.

"ಡ್ಯಾಡ್, ದೇ ಹ್ಯಾವ್ ಟು ವಾಚ್ ಇಟ್." ಅವರೇ ನೋಡಬೇಕೆಂದು ತಾನ್ಯಾ ವಿಡಿಯೋ ಹಚ್ಚಿದಳು.

ವಿಡಿಯೋದಲ್ಲಿ ಒಬ್ಬ ಹೋಟೆಲ್ ಮಾಲೀಕ ತನ್ನ ಅಡುಗೆಯವನು ಗಂಡಸನ್ನು ಪ್ರೀತಿಸುತ್ತಾನೆಂದು ತಿಳಿದು, ಒಲೆಯ ಮುಂದಿನಿಂದ ಎಬ್ಬಿಸಿ ನೆಲ ಒರೆಸಲು ಕಳಿಸಿದ. ಇಂಗ್ಲಿಷು ಬಾರದವರಿಗೂ ತಿಳಿಯಿತು. ಯಾರೂ ಕಲ್ಲಿನಾಥನ ಕಡೆ ನೋಡಲಿಲ್ಲ. ಇದು ಸರಿಯೋ ತಪ್ಪೋ ಎಂದು ಪರದೆಯ ಮೇಲೆ ಪ್ರಶ್ನೆ ಬಂತು.

"ತಪ್ಪು ಅಂತ ಒತ್ರಿ, ಇಲ್ಲಾಂದ್ರ ಪಾಸಾಗಂಗಿಲ್ಲ," ಅಂದ ಸಂಗಮೇಶ. ಒಬ್ಬೊಬ್ಬರಾಗಿ ಒತ್ತಿದರು. ಸಂಗಮೇಶನೂ ಒತ್ತಿದ. ಎಲ್ಲರೂ ಪಾಸಾದರು.

ಆಮೇಲೆ ಕಾಗದ ಬಂತು. ಇಲ್ಲಿ ನಿಮಗೆ ಇಂಥದ್ದು ಆಗಿದೆಯೇ ಎಂಬ ಪ್ರಶ್ನೆಗೆ ಎಲ್ಲರ ಕಾಗದದಲ್ಲೂ 'ಇಲ್ಲ' ಎಂದು ಮೊದಲೇ ಗುರುತು ಹಾಕಿತ್ತು. ಸೈ ಮಾಡುವುದಷ್ಟೇ ಬಾಕಿ.

"ಸುಮ್ನ ಸೈ ಮಾಡೋ ತಮ್ಮಾ," ಎಂದು ಪಕ್ಕದಲ್ಲಿ ರೊಟ್ಟಿ ಬಡಿಯುವ ನೀಲಗಂಗಾ ಪಿಸುಗುಟ್ಟಿದಳು. "ನಿನ್ನ ಹೊಟ್ಟಿ ಮ್ಯಾಲ ನೀನ ಹೊಡ್ಕೋಬ್ಯಾಡ."

ಕಲ್ಲಿನಾಥ ಸೈ ಮಾಡಲೆಂದೇ ಪೆನ್ನು ಹಿಡಿದಿದ್ದ. ಅದ್ಯಾವ ಗಳಿಗೆಯಲ್ಲಿ 'ಇಲ್ಲ' ಹೊಡೆದುಹಾಕಿ 'ಹೌದು' ಎಂದು ಗೀಚಿದನೋ ಅವನಿಗೇ ತಿಳಿಯಲಿಲ್ಲ. ಕಂಡ ಮೇಲೂ ಅಳಿಸದೆ ಕೆಳಗೆ ಸೈ ಮಾಡಿ ಕೊಟ್ಟ.

ಕಾಗದ ನೋಡಿದ ಸಂಗಮೇಶನ ಮುಖ ಕಪ್ಪಿಟ್ಟಿತು. "ಕಾನೂನ ಕಲಸ್ತೀಯೇನಲೇ ನನಗ, ಭಾಡ್ಯಾ? ನಿನ್ನ ಅರ್ಜಿ ನಾಳಿನೇ ವಾಪಸ್ ತಗೀತೀನಿ. ಮೊದ್ಲ ನಿಮ್ಮವ್ವಗ ಫೋನ್ ಹಚ್ತೀನಿ ತಡಿ. ಮಗಾ ಏನ್ ಆಗ್ಯಾನಂತ ಆಕಿಗೂ ತಿಳೀಲಿ." ಅವನು ಜೇಬಿಗೆ ಕೈ ಹಾಕಿದ.

"ಡ್ಯಾಡ್, ಸ್ಟಾಪ್!" ತಾನ್ಯಾ ಚೀರಿದಳು.

ಅಷ್ಟರಲ್ಲಿ ಕಲ್ಲಿನಾಥ ತನ್ನ ಫೋನಿನಲ್ಲಿ ಅವ್ವನ ಹೆಸರು ಒತ್ತಿದ್ದ. ಸ್ಪೀಕರ್ ಹಾಕಿದ. ಓಡಿಹೋಗಬೇಕೆನ್ನಿಸಿತು.

"ಕಲ್ಲೂ? ಉಂಡ್ಯೇನಪಾ? ಸಂಗಮೇಶಪ್ಪಗೋಳು ಆರಾಮ ಅದಾರ?"

"ಇಲ್ಲೇ ನಿಂತಾರವ್ವಾ." ಕಲ್ಲಿನಾಥ ಸಂಗಮೇಶನತ್ತ ನೋಡಿದ. "ಅವರು ಹೇಳೂಕಿಂತ ಮೊದ್ಲ ನಾನ ಹೇಳ್ತೀನಿ. ನಾ ಹೆಣ್ಣ ಲಗ್ನ ಆಗಂಗಿಲ್ಲ. ವಿವೇಕ ಅಂತ ಒಬ್ಬಾಂವ ಅದಾನ, ಅವನ ಕೂಡ ಬಾಳ್ವೆ ಮಾಡಾಂವ ನಾ."

ಆ ಕಡೆಯಿಂದ ಅವ್ವನ ಉಸಿರು ಅಡುಗೆಮನೆಗೆಲ್ಲ ಕೇಳುತ್ತಿತ್ತು. ಸಂಗಮೇಶ ತನ್ನ ಫೋನನ್ನು ಕೈಯಲ್ಲೇ ಹಿಡಿದು ನಿಂತಿದ್ದ.

"ಅವ್ವಾ?" ಅಂದ ಕಲ್ಲಿನಾಥ.

ಅವ್ವ ಫೋನ್ ಇಡಲಿಲ್ಲ. ಅವನೂ ಇಡಲಿಲ್ಲ.