ನಾಲ್ಕು ಮಡಿಕೆಯ ಇಂಗ್ಲಿಷ್

“ಬಾಯಲ್ಲಿರೋದು ನಾಲಿಗೇನಾ, ನೆಲ ಒರೆಸೋ ಬಟ್ಟೇನಾ? ಇನ್ನೊಂದ್ಸಲ ಹೇಳೇ, ಬಾಯಿ ಬಿಟ್ಟು!”

ಪೀಪಿ ಹೀಗೆ ಕಿರುಚಿದಾಗ ದೊಡ್ಡಕ್ಕನ ಕೈಯಲ್ಲಿ ಬೆಡ್‌ಶೀಟಿನ ಎರಡು ತುದಿಗಳಿದ್ದವು. ಇನ್ನೆರಡು ನನ್ನ ಕೈಯಲ್ಲಿ. ಡ್ರೈಯರಿನಿಂದ ಆಗಷ್ಟೇ ಹೊರಬಿದ್ದ ಶೀಟು, ಬೆರಳು ಸುಡುತ್ತಿತ್ತು.

“ಇದೊಂದು ಮಡಿಸಿ ಹೇಳ್ತೀನಿ ಸಾರ್.”

“ಮಡಿಸೋದು ಕತ್ತೆಗೂ ಬರುತ್ತೆ. ಇಂಗ್ಲಿಷ್ ಹೇಳು.”

“ಹಂಗಾದ್ರೆ ಕತ್ತೆ ಕೈಲೇ ಮಡಿಸ್ಕೊಳ್ಳಿ,” ಅಂದಳು ದೊಡ್ಡಕ್ಕ, ಒಗೆಯುವ ಯಂತ್ರದ ಸದ್ದು ಜೋರಾಗುವ ಗಳಿಗೆ ನೋಡಿಕೊಂಡು.

ಪೀಪಿ ಅಂದರೆ ನಮ್ಮ ಸೂಪರ್‌ವೈಸರು. ಯಂತ್ರಗಳ ಗದ್ದಲದಲ್ಲಿ ಮಾತು ಕೇಳುವುದಿಲ್ಲವೆಂದು ಕೊರಳಿಗೊಂದು ಸೀಟಿ ಕೊಟ್ಟಿದ್ದರು, ಅದರಿಂದ ಆ ಹೆಸರು. ಸೀಟಿಯನ್ನು ಅವನು ಊದುತ್ತಿದ್ದುದು ಕಡಿಮೆ. ಬೈಗುಳಕ್ಕೆ ಅದರ ಸಹಾಯ ಬೇಕಿರಲಿಲ್ಲ.

ನಾವು ಒಂಬತ್ತು ಜನ ಹೆಂಗಸರು, ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವವರು. ರಕ್ತ, ಕೀವು, ವಾಂತಿ, ಮಕ್ಕಳ ಉಚ್ಚೆ, ಎಲ್ಲ ಕೊಳಾಯಿಯಂಥ ಒಂದು ದೊಡ್ಡ ತಗಡಿನ ಕೊಳವೆಯಲ್ಲಿ ಮೇಲಿನಿಂದ ಜಾರಿ ನಮ್ಮ ಮುಂದೆ ಬೀಳುತ್ತಿತ್ತು. ಕೆಂಪು ಚೀಲ ಬಂದರೆ ಅಂಟುರೋಗ, ಎರಡು ಜೊತೆ ಗ್ಲೌಸು. ಹಳದಿಯಾದರೆ ಒಂದು ಜೊತೆ. ಹದಿನೆಂಟು ವರ್ಷದಲ್ಲಿ ಯಾವ ಚೀಲವೂ ನಮ್ಮನ್ನು ಇಂಗ್ಲಿಷಿನಲ್ಲಿ ಮಾತಾಡಿಸಿರಲಿಲ್ಲ.

ಆದರೆ ಆ ವರ್ಷ ಲಾಂಡ್ರಿಯ ಗುತ್ತಿಗೆ ಹೊಸ ಕಂಪನಿಗೆ ಹೋಯಿತು. ಹಾಸಿಗೆ ಬಟ್ಟೆ ಮುಟ್ಟುವವರೆಲ್ಲ ಇಂಗ್ಲಿಷ್ ಪರೀಕ್ಷೆಯ ಎರಡನೇ ಮಟ್ಟ ಪಾಸಾಗಿರಬೇಕೆಂದು ಕಂಪನಿ ಗೋಡೆಗೆ ಕಾಗದ ಅಂಟಿಸಿತು. ಕಾಗದ ಇಂಗ್ಲಿಷಿನಲ್ಲಿತ್ತು. ಲೋಕದ ತುಂಬ ಈಗ ಹೀಗೇ ಅಂತೆ, ನರ್ಸುಗಳಿಗೆ, ಡ್ರೈವರುಗಳಿಗೆ, ಹಣ್ಣು ಕೀಳಲು ಹೊರದೇಶಕ್ಕೆ ಹೋಗುವವರಿಗೆ, ಎಲ್ಲರಿಗೂ ಒಂದೊಂದು ಮಟ್ಟವಂತೆ. ಹೆಣ ಸಾಗಿಸುವವರಿಗೆ ಮಾತ್ರ ಮೊದಲನೇ ಮಟ್ಟ ಸಾಕೆಂದು ಪೀಪಿ ಹೇಳಿದ. ಅವರ ಗಿರಾಕಿಗಳು ಎದುರು ಮಾತಾಡುವುದಿಲ್ಲವಲ್ಲ. ಪೀಪಿಗೆ ಯಾವ ಮಟ್ಟವೂ ಇರಲಿಲ್ಲ. ಅವನು ಆಡಳಿತ ವರ್ಗ.

ಕೆಲಸ ಹೋದರೆ ನಾವೆಲ್ಲ ಎಲ್ಲಾದರೂ ಪಾತ್ರೆ ತೊಳೆದೇವು. ದೊಡ್ಡಕ್ಕನಿಗೆ ಹಾಗಲ್ಲ. ಅವಳ ಗಂಡನ ಎರಡೂ ಕಿಡ್ನಿ ಕೈಕೊಟ್ಟು ಮೂರು ವರ್ಷವಾಗಿತ್ತು. ಪ್ರತಿ ಮಂಗಳವಾರ, ಶುಕ್ರವಾರ ಇದೇ ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ ನಾಲ್ಕು ಗಂಟೆ ಅವನ ರಕ್ತ ಯಂತ್ರದೊಳಗೆ ಹೋಗಿ ಸ್ವಚ್ಛವಾಗಿ ಬರುತ್ತಿತ್ತು. ಅದು ನಡೆಯುತ್ತಿದ್ದುದು ಅವಳ ಸಿಬ್ಬಂದಿ ಕಾರ್ಡಿನ ಮೇಲೆ. ಕಾರ್ಡು ಹೋದರೆ ಯಂತ್ರ ಹೋಯಿತು. ಯಂತ್ರ ಹೋದರೆ ಭಾವ ಹತ್ತು ದಿನ, ಹೆಚ್ಚೆಂದರೆ ಹನ್ನೆರಡು.

ಪರೀಕ್ಷೆಗೆ ತಯಾರು ಮಾಡಲು ಕಂಪನಿ ಒಬ್ಬ ಮೇಷ್ಟ್ರನ್ನು ಕಳಿಸಿತು. ಎಳೆಯ ಮೀಸೆ, ಇಸ್ತ್ರಿ ಶರಟು. ಊಟದ ಅರ್ಧ ಗಂಟೆ ನಮ್ಮಿಂದ ಕಿತ್ತು ಅವನಿಗೆ ಕೊಟ್ಟಿದ್ದರು. ಎರಡನೇ ದಿನಕ್ಕೇ ಅವನಿಗೆ ಗೊತ್ತಾಯಿತು, ನಾವು ಕಲಿಯುವ ಪೈಕಿ ಅಲ್ಲವೆಂದು.

“ಕಲಿಯೋದೆಲ್ಲ ಬೇಡ. ಬಾಯಿಪಾಠ ಮಾಡಿ. ಕಂಪ್ಯೂಟರ್ ಒಂದೇ ಪ್ರಶ್ನೆ ಕೇಳುತ್ತೆ, ರಜೆಯಲ್ಲಿ ಎಲ್ಲಿಗೆ ಹೋಗಿದ್ರಿ ಅಂತ. ನಾಲ್ಕೇ ವಾಕ್ಯ.”

ಆ ನಾಲ್ಕು ವಾಕ್ಯಗಳ ಅರ್ಥವನ್ನೂ ಹೇಳಿದ: ಹೋದ ಬೇಸಿಗೆಯಲ್ಲಿ ನಾನು ಕುಟುಂಬದೊಂದಿಗೆ ಸಮುದ್ರಕ್ಕೆ ಹೋಗಿದ್ದೆ. ನೀರು ನೀಲಿಯಾಗಿತ್ತು. ನಾವು ಐಸ್‌ಕ್ರೀಂ ತಿಂದೆವು. ನನ್ನ ಮನಸ್ಸು ಹಗುರವಾಯಿತು.

“ಯಾರ ಮನ್ಸು ಸಾರ್?” ಅಂದಳು ದೊಡ್ಡಕ್ಕ.

“ನಿಮ್ಮದೇ.”

“ನಾನು ಹೋಗೇ ಇಲ್ವಲ್ಲ.”

“ಹೋಗಿದ್ರಿ ಅಂತ ಇಟ್ಕೊಳ್ಳಮ್ಮ.”

“ಇಟ್ಕೊಂಡೆ. ನಮ್ಮೆಜಮಾನ್ರನ್ನ ಯಾರ ಹತ್ರ ಬಿಟ್ಟು ಹೋಗಿದ್ದೆ?”

“ಅವರನ್ನೂ ಕರ್ಕೊಂಡು ಹೋಗಿದ್ರಿ. ಕುಟುಂಬ ಅಂತ ಇದೆಯಲ್ಲ.”

“ಶುಕ್ರವಾರ ಅವರಿಗೆ ಯಂತ್ರ ಇರುತ್ತೆ ಸಾರ್.”

“ಶನಿವಾರ ಹೋಗಿದ್ರಿ!”

“ಸರಿ, ಶನಿವಾರ. ಆದ್ರೆ ಅವರಿಗೆ ದಿನಕ್ಕೆ ಮೂರೇ ಲೋಟ ನೀರು ಅಂದಿದಾರೆ ಡಾಕ್ಟ್ರು. ಐಸ್‌ಕ್ರೀಂ ಕರಗಿದ್ರೆ ನೀರೇ ತಾನೆ?”

ಮೇಷ್ಟ್ರು ಕಣ್ಣು ಮುಚ್ಚಿಕೊಂಡ. ನಾವು ಬಿದ್ದು ಬಿದ್ದು ನಕ್ಕೆವು. ದೊಡ್ಡಕ್ಕ ನಗಲಿಲ್ಲ. ಅವಳು ನಿಜವಾಗಿಯೂ ಲೆಕ್ಕ ಹಾಕುತ್ತಿದ್ದಳು.

ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಗಿಳಿ. ಒಮ್ಮೆ ಕೇಳಿದ್ದನ್ನು ಹಾಗೇ ಒಪ್ಪಿಸುತ್ತಿದ್ದಳು, ಅದಕ್ಕೇ ಗಿಳಿ. ಉಳಿದವರೂ ತಿಣುಕಿ ತಿಣುಕಿ ನಾಲ್ಕು ವಾಕ್ಯ ದಾಟಿದರು. ದೊಡ್ಡಕ್ಕ ಮಾತ್ರ ಮೊದಲ ವಾಕ್ಯದ ಸಮುದ್ರದಲ್ಲೇ ಮುಳುಗುತ್ತಿದ್ದಳು. ವಾರ ಕಳೆಯಿತು. ಒಂದು ಮಧ್ಯಾಹ್ನ, ಶೀಟು ಎಳೆದು ನಿಂತವಳು ಇದ್ದಕ್ಕಿದ್ದಂತೆ, “ಗಿಡ್ಡಿ, ಒಂದೊಂದು ಮಡಿಕೆಗೆ ಒಂದೊಂದು ಹೇಳೋಣ ಕಣೆ,” ಅಂದಳು. ಗಿಡ್ಡಿ ನಾನು. ಅವಳ ಜೊತೆ ಶೀಟು ಮಡಿಸುವವಳು.

ಎಳೆದು ನಿಲ್ಲುವುದು, ಸಮುದ್ರ. ಅಂಚಿಗೆ ಅಂಚು ಸೇರಿಸುವುದು, ನೀಲಿ ನೀರು. ಎದುರುಬದುರು ನಡೆದು ಬಂದು ತುದಿಗೆ ತುದಿ ಕೊಡುವುದು, ಐಸ್‌ಕ್ರೀಂ. ಕೊನೆಗೆ ಮಡಿಸಿ, ಮೇಲೊಂದು ಏಟು ಹಾಕಿ ಅಟ್ಟಿಗೆ ಸೇರಿಸುವುದು, ಹಗುರ. ಅವಳ ತಲೆಗೆ ಹತ್ತದಿದ್ದದ್ದು ಕೈಗೆ ಹತ್ತಿತು. ದಿನಕ್ಕೆ ಇನ್ನೂರು ಶೀಟು, ಇನ್ನೂರು ಸಲ ಸಮುದ್ರಕ್ಕೆ ಹೋಗಿ ಬಂದೆವು. ತಿಂಗಳ ಕೊನೆಗೆ ದೊಡ್ಡಕ್ಕ ಒಂದೂ ತಪ್ಪಿಲ್ಲದೆ ಹೇಳುತ್ತಿದ್ದಳು. ಪೀಪಿ ಕೂಡ ಒಂದು ದಿನ, “ಪರವಾಗಿಲ್ವೇ, ಕತ್ತೆ!” ಅಂದ.

ಬುಧವಾರ ಪರೀಕ್ಷೆ. ಒಂದು ದೊಡ್ಡ ಕಟ್ಟಡದ ಏಳನೇ ಮಹಡಿ. ಬಾಗಿಲಲ್ಲಿ ನೀಲಿ ಕೋಟಿನವನೊಬ್ಬ ನಮ್ಮ ಚಪ್ಪಲಿ ಬಿಚ್ಚಿಸಿದ, ಜೇಬು ಒಳಹೊರಗು ಮಾಡಿಸಿದ, ಕೈಗಡಿಯಾರ, ಕರವಸ್ತ್ರ, ಗುಳಿಗೆ ಎಲ್ಲ ಬುಟ್ಟಿಗೆ ಹಾಕಿಸಿದ. ದೊಡ್ಡಕ್ಕನ ತುರುಬು ಅವನಿಗೆ ಅನುಮಾನ ತರಿಸಿತು.

“ಬಿಚ್ಚು.”

“ಕೂದ್ಲು ಸಾರ್.”

“ಬಿಚ್ಚು ಅಂದೆ.”

ಬಿಚ್ಚಿದಳು. ಪೆನ್ನಿನ ತುದಿಯಿಂದ ಅವನು ನೆರೆತ ಕೂದಲನ್ನು ಕೆದಕಿ ನೋಡಿದ, ಹೇನು ಹುಡುಕುವವನಂತೆ. ಪಿನ್ನು ವಾಪಸು ಕೊಡಲಿಲ್ಲ. ನಮ್ಮ ಹಿಂದಿದ್ದ ಕಾಲೇಜು ಹುಡುಗಿಯರು ಗೋಡೆ ನೋಡುತ್ತ ನಿಂತರು.

ಒಳಗೆ ನಲವತ್ತು ಗೂಡು, ನಲವತ್ತು ಕಂಪ್ಯೂಟರು, ನಲವತ್ತು ಜನರ ಕಿವಿಗೆ ಕಪ್ಪು ಮುಚ್ಚಳ. ಗಂಟೆ ಹೊಡೆದದ್ದೇ ನಲವತ್ತೂ ಜನ ಒಟ್ಟಿಗೆ ಮಾತಾಡತೊಡಗಿದರು, ಯಾರೂ ಯಾರ ಜೊತೆಗೂ ಅಲ್ಲ. ಹುಚ್ಚಾಸ್ಪತ್ರೆಯ ವಾರ್ಡಿಗೆ ಶೀಟು ಕೊಡಲು ಹೋದಾಗಲೂ ನಾನು ಅಂಥ ಸದ್ದು ಕೇಳಿರಲಿಲ್ಲ. ದೊಡ್ಡಕ್ಕ ನನ್ನ ಎದುರು ಸಾಲಿನ ಗೂಡಿನಲ್ಲಿ, ನನ್ನ ಮುಖಕ್ಕೆ ಮುಖ. ಪರದೆಯ ಮೇಲೆ ಒಂದು ಸಾಲು ಮೂಡಿತು. ಅದು ರಜೆಯ ಪ್ರಶ್ನೆಯೇ. ಮೇಷ್ಟ್ರು ಸುಳ್ಳು ಹೇಳಿರಲಿಲ್ಲ.

ದೊಡ್ಡಕ್ಕನ ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ಪರದೆಯ ಮೂಲೆಯಲ್ಲಿ ಸೆಕೆಂಡುಗಳು ಇಳಿಯುತ್ತಿದ್ದವು. ಅವಳು ನನ್ನ ಕಡೆ ನೋಡಿದಳು. ನಾನು ಏನೂ ಹೇಳಲಿಲ್ಲ, ದೇವರಾಣೆ. ಅವಳ ಎರಡೂ ಕೈ ತಾವಾಗಿ ಮೇಲೆದ್ದವು, ಹೆಬ್ಬೆರಳು ತೋರುಬೆರಳ ನಡುವೆ ಇಲ್ಲದ ಶೀಟಿನ ತುದಿ ಹಿಡಿದು ಎಳೆದವು. ಮೊದಲ ವಾಕ್ಯ ಪಟ್ಟನೆ ಹೊರಬಿತ್ತು. ಹದಿನೆಂಟು ವರ್ಷದ ಅಭ್ಯಾಸ; ಅವಳು ಎಳೆದರೆ ನಾನು ಎಳೆಯಬೇಕು. ನನ್ನ ಕೈಯೂ ಎದ್ದಿತು. ಅಂಚಿಗೆ ಅಂಚು ಸೇರಿಸಿದೆವು. ನೀರು ನೀಲಿಯಾಯಿತು. ಐಸ್‌ಕ್ರೀಮಿಗೆ ಕೈ ಚಾಚುವಷ್ಟರಲ್ಲಿ ನೀಲಿ ಕೋಟು ಅವಳ ಕಿವಿಯ ಮುಚ್ಚಳ ಕಿತ್ತುಹಾಕಿತು.

ಹೊರಗಿನ ಕೋಣೆಯಲ್ಲಿ ಕ್ಯಾಮೆರಾ ತೆಗೆದ ಚಿತ್ರ ತೋರಿಸಿದರು. ಇಬ್ಬರು ಮುದಿ ಹೆಂಗಸರು ಎದುರುಬದುರು ಕೂತು ಒಂದೇ ಹೊತ್ತಿಗೆ ಒಂದೇ ರೀತಿ ಕೈಯಾಡಿಸುತ್ತಿದ್ದರು. ನೋಡಿದರೆ ನನಗೇ ಅನುಮಾನ ಬಂತು.

“ಏನಿದು ಕೈಸನ್ನೆ?”

“ಬೆಡ್‌ಶೀಟ್ ಮಡಿಸ್ತಿದ್ವಿ ಸಾರ್,” ಅಂದಳು ದೊಡ್ಡಕ್ಕ.

“ಎಲ್ಲಿದೆ ಬೆಡ್‌ಶೀಟು?”

ಅವಳು ತನ್ನ ಕೈ ನೋಡಿಕೊಂಡಳು.

“ಇಲ್ಲೇ ಹೇಳ್ತೀನಿ ಸಾರ್, ನಾಲ್ಕೂ ಹೇಳ್ತೀನಿ. ನಿಂತ್ಕೊಂಡು ಹೇಳ್ತೀನಿ. ಒಂದು ಟವೆಲ್ಲಾದ್ರೂ ಕೊಡಿ.”

“ನಕಲಿಗೆ ಎರಡು ವರ್ಷ ನಿಷೇಧ. ಇಬ್ಬರಿಗೂ. ನಡೀರಿ.”

ಉಳಿದ ಏಳೂ ಜನ ಪಾಸಾದರು. ಏಳೂ ಜನರ ಮನಸ್ಸು ಹಗುರವಾಗಿತ್ತೆಂದು ಕಂಪ್ಯೂಟರು ಬರೆದುಕೊಂಡಿತು.

ಗುರುವಾರ ಬೆಳಿಗ್ಗೆ ಪೀಪಿ ನಮ್ಮಿಬ್ಬರನ್ನೂ ಕಂಪನಿ ಮೇಡಂ ಹತ್ತಿರ ಕರೆದೊಯ್ದ. ಗಾಜಿನ ಕೋಣೆ, ಚಳಿ. ಮೇಡಂ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು. ಪೀಪಿ ತಲೆಯಾಡಿಸುತ್ತ ಕೇಳಿ ನಮ್ಮ ಕಡೆ ತಿರುಗಿದ.

“ಆಗಲ್ಲ ಅಂತಿದಾರೆ.”

“ಅಷ್ಟೊಂದು ಮಾತಾಡಿದ್ರಲ್ಲ, ಇಷ್ಟೇನಾ?” ಅಂದೆ ನಾನು.

“ಇಂಗ್ಲಿಷೇ ಹಂಗೆ. ಬಾಯ್ಮುಚ್ಚು.”

ಮೇಡಂ ಅವನನ್ನೊಮ್ಮೆ ನೋಡಿ ನಮ್ಮ ಭಾಷೆಯಲ್ಲೇ ಹೇಳಿದರು: “ನಾನು ಹೇಳಿದ್ದು ಅದಲ್ಲ. ಅಪೀಲು ಹಾಕಬಹುದು. ಇಂಟರ್‌ನೆಟ್ಟಿನಲ್ಲಿ, ಇಂಗ್ಲಿಷಿನಲ್ಲಿ ಬರೀಬೇಕು. ತೊಂಬತ್ತು ದಿನದಲ್ಲಿ ಉತ್ತರ ಬರುತ್ತೆ.”

ದೊಡ್ಡಕ್ಕ ನಿಂತಲ್ಲೇ ಕುಸಿದು ಮೇಡಂ ಪಾದ ಹಿಡಿಯಲು ಹೋದಳು. ಮೇಡಂ ಎರಡೂ ಕಾಲನ್ನು ಕುರ್ಚಿಯ ಅಡ್ಡಪಟ್ಟಿಯ ಮೇಲೆ ಎತ್ತಿಟ್ಟುಕೊಂಡರು, ನೆಲ ಒರೆಸುವವರು ಬಂದಾಗ ಎತ್ತುವ ಹಾಗೆ.

“ತೊಂಬತ್ತು ದಿನ ನಮ್ಮೆಜಮಾನ್ರು ಇರಲ್ಲ ಮೇಡಂ. ಹತ್ತು ದಿನ ಇದ್ರೆ ಹೆಚ್ಚು. ಕೆಲಸ ಬೇಡ, ಸಂಬಳ ಬೇಡ, ಕಾರ್ಡೊಂದು ಬಿಡಿ. ಬಿಟ್ಟಿ ಒಗೀತೀನಿ.”

“ಬಿಟ್ಟಿ ದುಡಿಸಿಕೊಳ್ಳೋದು ಕಾನೂನಿಗೆ ವಿರುದ್ಧ,” ಅಂದರು ಮೇಡಂ. ಅವರಿಗೆ ನಿಜವಾಗಿಯೂ ಬೇಸರವಾದಂತಿತ್ತು.

ಪೀಪಿ ಮೇಜಿನ ಮೇಲಿದ್ದ ಕತ್ತರಿಯಿಂದ ನಮ್ಮ ಕಾರ್ಡುಗಳನ್ನು ಅಡ್ಡಕ್ಕೆ ಕತ್ತರಿಸಿದ. ದೊಡ್ಡಕ್ಕನ ಫೋಟೋದ ಕೊರಳ ಬಳಿ ಕತ್ತರಿ ಒಮ್ಮೆ ಸಿಕ್ಕಿಕೊಂಡಿತು. ಒತ್ತಿ ಕತ್ತರಿಸಿದ.

ಮೆಟ್ಟಿಲಿಳಿಯುವಾಗ ಅವಳು ಒಂದೇ ಒಂದು ಮಾತಾಡಿದಳು: “ನಾಳೆ ಶುಕ್ರವಾರ ಕಣೆ.”

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ, ಲಾಂಡ್ರಿಗೆ ಸೋಪಿನ ಲಾರಿ ಬರುವ ಹಿಂದಿನ ಬಾಗಿಲನ್ನು ಗಿಳಿ ತನ್ನ ಹೊಸ ಕಾರ್ಡಿನಿಂದ ತೆಗೆದಳು. “ಅಕ್ಕ, ನಾನು ನೋಡಿಲ್ಲ, ಆಯ್ತಾ? ನಾನು ನಿಮ್ಮನ್ನ ನೋಡೇ ಇಲ್ಲ,” ಅನ್ನುತ್ತ ತಾನೇ ಟ್ರಾಲಿ ತಂದುಕೊಟ್ಟಳು. ಭಾವನನ್ನು ಅದರಲ್ಲಿ ಕಾಲು ಮಡಿಸಿ ಕೂರಿಸಿ ಮೇಲೆ ಒಗೆದ ಶೀಟು ಹೊದಿಸಿದೆವು. ಒಂದು ಕಾಲಕ್ಕೆ ಗಾರೆ ಮೇಸ್ತ್ರಿ, ಎರಡಾಳಿನ ಮನುಷ್ಯ. ಈಗ ನಲವತ್ತೆರಡು ಕಿಲೋ, ಮುಖ ಮಾತ್ರ ನೀರು ತುಂಬಿ ಊದಿಕೊಂಡಿತ್ತು.

“ಮೆಲ್ಲಗೆ ತಳ್ರೇ, ಇಸ್ತ್ರಿ ಕೆಟ್ಟೀತು,” ಅಂದ ಶೀಟಿನೊಳಗಿಂದ.

“ಬಾಯ್ಮುಚ್ಕೊಂಡು ಬಟ್ಟೆ ಥರ ಇರಿ,” ಅಂದಳು ದೊಡ್ಡಕ್ಕ.

ಟ್ರಾಲಿ ತಳ್ಳುವ ಹೆಂಗಸರನ್ನು ಆಸ್ಪತ್ರೆಯಲ್ಲಿ ಯಾರೂ ನೋಡುವುದಿಲ್ಲ. ಲಿಫ್ಟಿನಲ್ಲಿ ಇಬ್ಬರು ಡಾಕ್ಟರರು ನಮ್ಮ ತಲೆಯ ಮೇಲಿಂದ ಇಂಗ್ಲಿಷಿನಲ್ಲಿ ಮಾತಾಡಿಕೊಂಡು ಮೂರನೇ ಮಹಡಿಯಲ್ಲಿ ಇಳಿದರು.

ಡಯಾಲಿಸಿಸ್ ಕೋಣೆಯ ಸಿಸ್ಟರು ಶೀಟು ಸರಿಸಿ, ಭಾವನ ಮುಖ ನೋಡಿ, ಬಾಗಿಲ ಕಡೆ ನೋಡಿದಳು. ಅವಳ ರಿಜಿಸ್ಟರಿನ ಕೆಳಗೆ ಇಂಗ್ಲಿಷ್ ಪರೀಕ್ಷೆಯ ದಪ್ಪ ಪುಸ್ತಕವಿತ್ತು. ಹೊರದೇಶದ ಕೆಲಸಕ್ಕೆಂದು ಅವಳು ಮೂರನೇ ಸಲ ಕಟ್ಟಿದ್ದಳು. ಮೊದಲು ಪಾಸಾಗಿದ್ದೇನೋ ನಿಜ, ಎರಡು ವರ್ಷಕ್ಕೆ ಅದರ ಅವಧಿ ಮುಗಿಯಿತಂತೆ.

“ಕಾರ್ಡು?”

“ಕತ್ತರಿಸಿದ್ರು ಸಿಸ್ಟರ್.”

ಅವಳು ಕಂಪ್ಯೂಟರಿನ ಪರದೆಯನ್ನು ಗೋಡೆ ಕಡೆ ತಿರುಗಿಸಿದಳು. “ಇವತ್ತು ಯಾಕೋ ಇದು ಕೆಲಸ ಮಾಡ್ತಿಲ್ಲ. ತೋಳು ಕೊಡಿ ಅಣ್ಣ.”

ಎರಡು ಸೂಜಿ ಒಳಹೋದವು. ಒಂದು ಕೊಳವೆಯಲ್ಲಿ ರಕ್ತ ಹೊರಟಿತು, ಇನ್ನೊಂದರಲ್ಲಿ ಮರಳತೊಡಗಿತು. ಪರದೆಯ ಮೇಲೆ ನಾಲ್ಕು ಗಂಟೆ ಎಂದು ಮೂಡಿ ಇಳಿಯಲು ಶುರುವಾಯಿತು.

ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಪೀಪಿ ಇಬ್ಬರು ಕಾವಲುಗಾರರನ್ನು ಕಟ್ಟಿಕೊಂಡು ನುಗ್ಗಿದ.

“ಕಳ್ಳ ಮುಂಡೇವಾ! ಟ್ರಾಲೀಲಿ ಹಾಕ್ಕೊಂಡು ಬಂದ್ರೇನ್ರೇ? ಏಯ್, ಬಿಚ್ರೋ ಅದನ್ನ!”

ದೊಡ್ಡಕ್ಕ ಸ್ಟೂಲು ಎಳೆದು ಯಂತ್ರಕ್ಕೂ ಅವರಿಗೂ ನಡುವೆ ಕೂತಳು. ಗೋಡೆಯ ಪ್ಲಗ್ಗಿನ ಮೇಲೆ ಬೆನ್ನು ಕೊಟ್ಟಳು.

“ಮುಟ್ಟು ನೋಡೋಣ, ಬೋಳಿಮಗನೆ. ಇದರೊಳಗಿರೋದು ಕಂಪನಿ ನೀರಲ್ಲ, ಅವರ ರಕ್ತ. ಅದು ಪೂರ್ತಿ ವಾಪಸ್ ಬರಲಿ. ಆಮೇಲೆ ನನ್ನ ಎಲ್ಲಿಗೆ ಬೇಕಾದ್ರೂ ಎಳ್ಕೊಂಡು ಹೋಗು.”

ಕಾವಲುಗಾರರು ಸಿಸ್ಟರನ್ನು ನೋಡಿದರು. “ಮಧ್ಯದಲ್ಲಿ ಕಿತ್ತರೆ ನಾನು ಜವಾಬ್ದಾರಳಲ್ಲ,” ಅಂದಳು ಅವಳು, ಕೈಯಲ್ಲಿದ್ದ ಹತ್ತಿಯನ್ನು ಹಿಂಜುತ್ತ. ಅವರಲ್ಲಿ ಒಬ್ಬ ಒಂದು ಹೆಜ್ಜೆ ಹಿಂದೆ ಸರಿದ.

ಪೀಪಿ ಹೊರಗೆ ಹೋಗಿ ಫೋನು ಮಾಡಿ ಬಂದ. ಕೈಯಲ್ಲೊಂದು ಕಾಗದ, ಇಂಗ್ಲಿಷಿನಲ್ಲಿ ಒತ್ತೊತ್ತಾಗಿ ಅಚ್ಚಾದದ್ದು.

“ಇದಕ್ಕೆ ಸೈನ್ ಹಾಕು. ಅತಿಕ್ರಮ ಪ್ರವೇಶ, ಆಸ್ಪತ್ರೆ ಸೌಲಭ್ಯ ಕದ್ದಿದ್ದು, ಎಲ್ಲಾ ಒಪ್ಕೊಂಡಿದೀನಿ ಅಂತ.”

“ಏನು ಬರೆದಿದೆ ಓದು.”

“ಹೇಳಿದ್ನಲ್ಲ.”

“ನೀನು ಹೇಳಿದ್ದಲ್ಲ. ಬರೆದಿರೋದನ್ನ ಓದು.”

ಪೀಪಿ ಕಾಗದ ನೋಡಿದ. ಅವನ ತುಟಿ ಒಂದೆರಡು ಸಲ ಅಲುಗಿ ನಿಂತಿತು. ಹಿರಿಯ ಕಾವಲುಗಾರ ಕೆಮ್ಮಿ ಕಿಟಕಿ ಕಡೆ ತಿರುಗಿದ.

“ಹಾಕೇ, ಹಾಕು! ನಾಟಕ ಆಡ್ಬೇಡ.”

“ನಂಗೆ ಇಂಗ್ಲಿಷ್ ಬರಲ್ಲ,” ಅಂದಳು ದೊಡ್ಡಕ್ಕ. ಗಟ್ಟಿಯಾಗಿ, ಅಕ್ಕಪಕ್ಕದ ಹಾಸಿಗೆಯವರೆಲ್ಲ ತಲೆ ಎತ್ತುವಷ್ಟು ಗಟ್ಟಿಯಾಗಿ. “ಪರೀಕ್ಷೆ ಮಾಡಿ ನೋಡಿದೀರಲ್ಲ. ಬರಲ್ಲ ಅಂತ ಕಾರ್ಡ್ ಕಿತ್ಕೊಂಡೋರು ನೀವೇ ತಾನೆ? ಬರದೇ ಇರೋ ಭಾಷೇಲಿ ನಾನು ಕಳ್ಳಿ ಅಂತ ಹೆಂಗೋ ಒಪ್ಕೊಳ್ಳಲಿ? ನಮ್ಮ ಮಾತಲ್ಲಿ ಬರ್ಕೊಂಡು ಬಾ, ಹೋಗು. ಕಾಯ್ತೀನಿ.”

ಆಮೇಲೆ ಕಾವಲುಗಾರರು ಹೊರಗಿನಿಂದ ಮೂರು ಕುರ್ಚಿ ತಂದು ಬಾಗಿಲಿಗೆ ಅಡ್ಡವಾಗಿ ಹಾಕಿ ಕೂತರು. ನಡುವಿನ ಕುರ್ಚಿಯಲ್ಲಿ ಪೀಪಿ, ತೊಡೆಯ ಮೇಲೆ ಆ ಕಾಗದ.

ಭಾವ ಕಣ್ಣು ತೆರೆದ. ಮುಖದ ಊತ ಇನ್ನೂ ಇಳಿದಿರಲಿಲ್ಲ.

“ಮಂಗಳವಾರ ಏನೇ ಮಾಡೋದು?”

“ಇವತ್ತು ಶುಕ್ರವಾರ. ಮಲಗಿ,” ಅಂದಳು ದೊಡ್ಡಕ್ಕ, ಬಾಗಿಲಿನಿಂದ ಕಣ್ಣು ತೆಗೆಯದೆ.

ಪರದೆಯಲ್ಲಿ ಎರಡು ಗಂಟೆ ಐವತ್ತೆರಡು ನಿಮಿಷ ಉಳಿದಿತ್ತು. ಮೂರು ಕುರ್ಚಿಯವರೂ ಅದನ್ನೇ ನೋಡುತ್ತಿದ್ದರು.